ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡೋರಿಗೆ ಲಿಂಕ್ಡ್‌ಇನ್‌ನಂಥ ತಾಣಗಳಿಂದ ನಿಜಕ್ಕೂ ಉಪಯೋಗ ಇದೆಯಾ?

ವಲಸೆಹಕ್ಕಿ_ಡಿಬಿ

ಕೆಲಸ ಡೇಟಾಬೇಸ್ ಮೈಗ್ರೇಷನ್, ಅಂದ್ರೆ ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಡೇಟಾ ಸಾಗಿಸೋದು. ಮೂರರಿಂದ ಆರು ತಿಂಗಳ ಕಾಂಟ್ರ್ಯಾಕ್ಟ್, ಹೆಚ್ಚಿನದು ರಿಮೋಟ್. ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಇದೆ, 600ರಷ್ಟು ಕನೆಕ್ಷನ್ ಇದೆ. ಬರುವ ಮೆಸೇಜುಗಳು ಮಾತ್ರ ಒಂದೋ ಪರ್ಮನೆಂಟ್ ನೌಕರಿಯವು, ಇಲ್ಲಾಂದ್ರೆ "ವಾರಕ್ಕೆ ಹತ್ತು ಲೀಡ್ ಕೊಡ್ತೀವಿ" ಅನ್ನೋರವು.

ಗೊತ್ತಿರೋರು ಹೇಳಿ: ಇದಕ್ಕೆ ವಾರಕ್ಕೆ ಎಷ್ಟು ಹೊತ್ತು ಕೊಡೋದು ಸರಿ? ದುಡ್ಡು ಕೊಟ್ಟು ಪ್ರೀಮಿಯಂ ತಗೊಳ್ಳಬೇಕಾ? ಪೋಸ್ಟ್ ಹಾಕ್ತಾ ಇರಬೇಕಾ? ಅಥವಾ ಅಪ್‌ವರ್ಕ್, ಫೈವರ್‌ನಂಥ ಫ್ರೀಲಾನ್ಸ್ ಕೆಲಸದ ತಾಣಗಳ ಕಡೆ ಹೋಗೋದೇ ವಾಸಿನಾ? "ನೆಟ್‌ವರ್ಕಿಂಗ್ ತುಂಬಾ ಮುಖ್ಯ" ಅನ್ನೋ ಉತ್ತರ ಬೇಡ, ಅದು ಎಲ್ಲಾ ಕಡೆ ಸಿಗುತ್ತೆ.

---

ಗಂಟೆಲೆಕ್ಕ

ಈ ತಾಣ ಹೊಸಬರಿಂದ ಕೆಲಸ ತಂದುಕೊಡುತ್ತೆ ಅಂತ ಕಾದು ಕೂತರೆ ನಿರಾಸೆ ಗ್ಯಾರಂಟಿ. ಕಾಂಟ್ರ್ಯಾಕ್ಟ್‌ನವರ ಮಟ್ಟಿಗೆ ಅದರಿಂದ ಆಗುವ ಉಪಕಾರ ಎರಡು. ನಿಮ್ಮ ಹೆಸರನ್ನು ಬೇರೆಲ್ಲೋ ಕೇಳಿದವರು ಫೋನ್ ಮಾಡುವ ಮುಂಚೆ ಒಮ್ಮೆ ಇಣುಕಿ ನೋಡುವ ಜಾಗ ಅದು. ಜೊತೆಗೆ, ಹಳೇ ಕ್ಲೈಂಟ್‌ಗಳ ವಿಳಾಸ ಪುಸ್ತಕ. ಅದೂ ಅವರೇ ತಿದ್ದಿಡುವಂಥದ್ದು. ಪ್ರಾಜೆಕ್ಟ್ ಮ್ಯಾನೇಜರ್ ಕಂಪನಿ ಬಿಟ್ಟ ದಿನ ಅವರ ಆಫೀಸ್ ಇಮೇಲ್ ಸತ್ತುಹೋಗುತ್ತೆ, ಪ್ರೊಫೈಲ್ ಉಳಿಯುತ್ತೆ. ಹೊಸ ಕಡೆ ಸೇರಿದ ಮೊದಲ ಕೆಲವು ತಿಂಗಳಲ್ಲೇ ಅವರಿಗೆ ನಂಬಿಕೆಯ ಕೈಗಳು ಬೇಕಾಗೋದು. ಅವರು ಸೇರಿದ ಸುದ್ದಿ ನಿಮಗೆ ತಿಳಿಯೋದು ಇಲ್ಲೇ.

ಹೊತ್ತಿನ ಲೆಕ್ಕ ಹಾಕೋಣ. ವಾರಕ್ಕೆ 3 ಗಂಟೆಯಂತೆ ವರ್ಷಕ್ಕೆ 46 ವಾರ ಅಂದರೆ 138 ಗಂಟೆ, 8 ಗಂಟೆಯ ದಿನದ ಲೆಕ್ಕದಲ್ಲಿ 17 ದಿನ ಮೀರಿತು. ಅದನ್ನು ನಿಮ್ಮ ದಿನದ ರೇಟಿಗೆ ಗುಣಿಸಿ ನೋಡಿ, ಎದೆ ಝಲ್ಲೆನ್ನುತ್ತೆ. ವಾರಕ್ಕೆ 40 ನಿಮಿಷ ಆದರೆ ವರ್ಷಕ್ಕೆ ನಾಲ್ಕು ದಿನಕ್ಕೂ ಕಡಿಮೆ. ಇದು ಒಪ್ಪುವಂಥ ಖರ್ಚು. ಪ್ರೊಫೈಲ್ ತಿದ್ದಲು ಒಂದು ಸಲ ಅರ್ಧ ದಿನ ಕೊಡಿ, ಆಮೇಲೆ ಈ 40 ನಿಮಿಷ ಮೀರಬೇಡಿ.

ಪರ್ಮನೆಂಟ್ ನೌಕರಿಯ ಮೆಸೇಜೇ ಬರ್ತಿದೆ ಅಂದರೆ ತಪ್ಪು ಪ್ರೊಫೈಲ್‌ನಲ್ಲಿದೆ. ಹೆಸರಿನ ಕೆಳಗಿನ ಹೆಡ್‌ಲೈನ್‌ಗೆ 220 ಅಕ್ಷರ ಜಾಗ ಇದೆ, ಆದರೆ ಹುಡುಕಾಟದ ಪಟ್ಟಿಯಲ್ಲಿ, ಅದರಲ್ಲೂ ಮೊಬೈಲ್‌ನಲ್ಲಿ, ಕಾಣೋದು ಮೊದಲ ಕೆಲವು ಪದ ಮಾತ್ರ. ಬಹಳ ಜನ ಅಲ್ಲಿ ಹೀಗೆ ಬರೆದಿರ್ತಾರೆ:

"ಸೀನಿಯರ್ ಕನ್ಸಲ್ಟೆಂಟ್ | ಡೇಟಾ ಪ್ರೇಮಿ | ಸದಾ ಕಲಿಯುವವ"

ಇದನ್ನು ಯಾವ ಕ್ಲೈಂಟೂ ಹುಡುಕೋದಿಲ್ಲ. ಹುಡುಕುವವರು ಟೈಪ್ ಮಾಡೋದು ತಮ್ಮ ತಲೆನೋವಿನ ಹೆಸರನ್ನು (ಒರಾಕಲ್, ಪೋಸ್ಟ್‌ಗ್ರೆಸ್ ಎರಡೂ ಡೇಟಾಬೇಸ್ ಸಾಫ್ಟ್‌ವೇರ್):

"ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಮೈಗ್ರೇಷನ್. ಕಾಂಟ್ರ್ಯಾಕ್ಟ್ ಮಾತ್ರ, 3–6 ತಿಂಗಳು, ರಿಮೋಟ್. ಏಪ್ರಿಲ್‌ನಿಂದ ಲಭ್ಯ"

"ಕಾಂಟ್ರ್ಯಾಕ್ಟ್ ಮಾತ್ರ" ಅನ್ನೋ ಎರಡು ಪದಕ್ಕೇ ಅರ್ಧ ಕಸ ನಿಲ್ಲುತ್ತೆ. ಕೊನೆಯ ತಿಂಗಳ ಹೆಸರನ್ನು ಮಾತ್ರ ಪ್ರತಿ ಕಾಂಟ್ರ್ಯಾಕ್ಟ್‌ಗೂ ಬದಲಿಸಿ. ಆಗಸ್ಟ್‌ನಲ್ಲಿ "ಏಪ್ರಿಲ್‌ನಿಂದ ಲಭ್ಯ" ಅಂತಿದ್ದರೆ ನಾಲ್ಕು ತಿಂಗಳಿಂದ ಕೆಲಸ ಸಿಕ್ಕಿಲ್ಲ ಅಂತಲೇ ಓದಿಕೊಳ್ಳುತ್ತಾರೆ.

ಪರಿಚಯದ ಭಾಗಕ್ಕೆ 2,600 ಅಕ್ಷರ ಸಿಗುತ್ತೆ. "ಇನ್ನಷ್ಟು" ಒತ್ತದೆ ಕಾಣೋದು ಮೊದಲ ಎರಡು ಮೂರು ಸಾಲು. ಅಲ್ಲಿ "ಉತ್ಸಾಹಿ", "ಫಲಿತಾಂಶಕ್ಕೆ ಬದ್ಧ" ಇವೆಲ್ಲ ವ್ಯರ್ಥ. ಮಾಡಿದ ಒಂದು ಕೆಲಸದ ಅಳತೆ ಹಾಕಿ: ಡೇಟಾ 4 ಟೆರಾಬೈಟ್, ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನೊಳಗೇ ಇರುವ ಪ್ರೋಗ್ರಾಂ) 900, ಕಟ್‌ಓವರ್ ದಿನ, ಅಂದರೆ ಹಳೆಯದರಿಂದ ಹೊಸದಕ್ಕೆ ಬದಲಾದ ದಿನ, ಸಿಸ್ಟಮ್ ನಿಂತದ್ದು 3 ಗಂಟೆ. ಈ ಕೆಲಸ ಬಲ್ಲವರಿಗೆ ಆ ಮೂರು ಸಂಖ್ಯೆಯಲ್ಲೇ ನೀವು ಯಾರು ಅಂತ ಗೊತ್ತಾಗುತ್ತೆ. ಕ್ಲೈಂಟ್ ಹೆಸರು ಹೇಳಬಾರದೆಂಬ ಕರಾರಿದ್ದರೆ "ಮಧ್ಯಮ ಗಾತ್ರದ ವಿಮಾ ಕಂಪನಿ" ಅಂದರೆ ಸಾಕು. ಆದರೆ ಆ ಕ್ಷೇತ್ರದಲ್ಲಿ ಇರುವುದೇ ಮೂರು ಕಂಪನಿಯಾದರೆ ಅದೂ ಹೆಸರು ಹೇಳಿದಂತೆಯೇ, ಜೋಪಾನ.

ಅನುಭವದ ಭಾಗದಲ್ಲಿ ಒಂದೊಂದು ಕಾಂಟ್ರ್ಯಾಕ್ಟನ್ನೂ ಬೇರೆ ಬೇರೆ ನೌಕರಿ ಅಂತ ಹಾಕಬೇಡಿ. ಎರಡು ವರ್ಷದಲ್ಲಿ ಆರು ಕಡೆ ಅಂತ ಕಂಡರೆ ನಿಲ್ಲದ ಮನುಷ್ಯ ಅಂತ ಪಕ್ಕಕ್ಕಿಡುತ್ತಾರೆ. ಸ್ವಂತ ಉದ್ಯೋಗ ಅಂತ ಒಂದೇ ನಮೂದು ಮಾಡಿ, ಅದರೊಳಗೆ ಪ್ರಾಜೆಕ್ಟುಗಳನ್ನು ಬರೆಯಿರಿ. ಉದ್ಯೋಗದ ಬಗೆ ಕೇಳುವ ಕಡೆ ಫ್ರೀಲಾನ್ಸ್, ಕಾಂಟ್ರ್ಯಾಕ್ಟ್, ಸ್ವಂತ ಉದ್ಯೋಗ ಮೂರೂ ಆಯ್ಕೆ ಇವೆ. ತಾರೀಖುಗಳು ಸಿವಿಗೆ ತಾಳೆಯಾಗಬೇಕು. ಹಿನ್ನೆಲೆ ಪರಿಶೀಲಿಸುವವರು ಎರಡನ್ನೂ ಪಕ್ಕದಲ್ಲಿಟ್ಟೇ ನೋಡೋದು.

ಇನ್ನು ಆ 40 ನಿಮಿಷ. ನಡೆಯುತ್ತಿರುವ ಕಾಂಟ್ರ್ಯಾಕ್ಟ್ ಮುಗಿಯಲು ಆರರಿಂದ ಎಂಟು ವಾರ ಇರುವಾಗ, ಹಿಂದೆ ಜೊತೆಯಲ್ಲಿ ಕೆಲಸ ಮಾಡಿದವರಲ್ಲಿ ವಾರಕ್ಕೆ ನಾಲ್ಕೈದು ಮಂದಿಗೆ ಬರೆಯಿರಿ. ಹೀಗೆ:

"ನಮಸ್ಕಾರ ಸರ್. ಹೊಸ ಕಡೆ ಸೇರಿದ್ದು ನೋಡಿದೆ, ಅಭಿನಂದನೆಗಳು. ಈಗಿನ ಕಾಂಟ್ರ್ಯಾಕ್ಟ್ ಮಾರ್ಚ್ 28ಕ್ಕೆ ಮುಗಿಯುತ್ತೆ. ಅಲ್ಲಿ ಒರಾಕಲ್ ಲೈಸೆನ್ಸ್ ಖರ್ಚು ಇಳಿಸುವ ಯೋಚನೆ ಇದ್ದರೆ ಏಪ್ರಿಲ್‌ನಿಂದ ಸಿಗುತ್ತೇನೆ. ಈಗ ಏನೂ ಇಲ್ಲದಿದ್ದರೂ ಪರವಾಗಿಲ್ಲ."

ತಾರೀಖು ಇದೆ, ಒಂದೇ ವಿಷಯ ಇದೆ, ಇಲ್ಲ ಅನ್ನೋದಕ್ಕೂ ದಾರಿ ಬಿಟ್ಟಿದೆ. "ಏನಾದರೂ ಅವಕಾಶ ಇದ್ದರೆ ತಿಳಿಸಿ" ಅಂತ ಬರೆದರೆ ಓದಿದವರಿಗೆ ಏನು ಯೋಚಿಸಬೇಕು ಅನ್ನೋದೇ ತಿಳಿಯಲ್ಲ, ಆಮೇಲೆ ನೋಡೋಣ ಅಂತ ಮುಚ್ಚಿಡುತ್ತಾರೆ.

ಶಿಫಾರಸು ಕೇಳಬೇಕಾದ್ದು ಹ್ಯಾಂಡೋವರ್ ವಾರದಲ್ಲಿ. ಎರಡು ತಿಂಗಳಾದರೆ ನೀವು ಮಾಡಿದ್ದೇನು ಅನ್ನೋದು ಅವರಿಗೆ ಮಸುಕಾಗಿರುತ್ತೆ, "ಒಳ್ಳೆಯ ಸಹೋದ್ಯೋಗಿ" ಅಂತ ಒಂದು ಸಾಲು ಗೀಚಿ ಕೊಡುತ್ತಾರೆ. ಕೇಳುವಾಗಲೇ ಎರಡು ಅಂಶ ನೆನಪಿಸಿ. ಕೌಶಲಕ್ಕೆ ಒತ್ತುವ ಎಂಡಾರ್ಸ್‌ಮೆಂಟ್ ಲೆಕ್ಕಕ್ಕಿಲ್ಲ, ಅದರ ಹಿಂದೆ ಹೋಗಬೇಡಿ.

---

ಎರಡನೇ_ಇನ್‌ವಾಯ್ಸ್

ಮೇಲಿನದು ಸರಿ. ಆದ್ರೆ ಏಜೆನ್ಸಿಗಳ ವಿಷಯ ಬಿಟ್ಟುಹೋಗಿದೆ. ದೊಡ್ಡ ಕಂಪನಿಗಳು ಕಾಂಟ್ರ್ಯಾಕ್ಟ್‌ನವರನ್ನ ಹೆಚ್ಚಾಗಿ ತಗೊಳ್ಳೋದೇ ಏಜೆನ್ಸಿ ಮೂಲಕ, ಮತ್ತೆ ಆ ಏಜೆನ್ಸಿಯವರು ದಿನವಿಡೀ ಕೂತಿರೋದು ಇದೇ ತಾಣದಲ್ಲಿ. ನಿಮಗೆ ಪ್ರೊಫೈಲ್ ಇರಬೇಕಾದ ದೊಡ್ಡ ಕಾರಣ ನನ್ನ ಪ್ರಕಾರ ಇದೇ.

ಮೊದಲು "ಓಪನ್ ಟು ವರ್ಕ್" ಸೆಟ್ಟಿಂಗ್ ನೋಡಿ, ಕೆಲಸ ಹುಡುಕ್ತಿದ್ದೀನಿ ಅಂತ ತೋರಿಸೋದು ಅದು. ಅದರೊಳಗೆ ಕೆಲಸದ ಬಗೆ ಕೇಳುತ್ತೆ. ಅಲ್ಲಿ ಫುಲ್‌ಟೈಮ್ ಟಿಕ್ ಆಗೇ ಉಳಿದಿದ್ರೆ ರಿಕ್ರೂಟರ್ ಪರ್ಮನೆಂಟ್ ಅಂತ ಫಿಲ್ಟರ್ ಹಾಕಿದಾಗಲೂ ನೀವು ಬರ್ತೀರಿ. ಕಾಂಟ್ರ್ಯಾಕ್ಟ್ ಒಂದೇ ಇರಲಿ.

ಅಲ್ಲೇ ಇನ್ನೊಂದು ಸೂಕ್ಷ್ಮ ಇದೆ. "ರಿಕ್ರೂಟರ್‌ಗಳಿಗೆ ಮಾತ್ರ ಕಾಣಲಿ" ಅಂತ ಇಟ್ರೆ ನೀವು ಈಗ ಕೆಲಸ ಮಾಡ್ತಿರೋ ಕಂಪನಿಯ ರಿಕ್ರೂಟರ್‌ಗಳಿಂದ ಮರೆಮಾಡೋಕೆ ತಾಣ ಪ್ರಯತ್ನಿಸುತ್ತೆ, ಪೂರ್ತಿ ಖಾತ್ರಿ ಕೊಡಲ್ಲ. ಅದು ಗುರುತಿಸೋದು ಪ್ರೊಫೈಲ್‌ನಲ್ಲಿ ನೀವು ಈಗಿನ ಕಂಪನಿ ಅಂತ ಹಾಕಿರೋ ಹೆಸರನ್ನ. ಕಾಂಟ್ರ್ಯಾಕ್ಟ್‌ನವರು ಅಲ್ಲಿ ಸ್ವಂತ ಸಂಸ್ಥೆ ಹಾಕಿರ್ತಾರಲ್ಲ, ಹಾಗಾಗಿ ಈಗಿನ ಕ್ಲೈಂಟ್‌ನ ಎಚ್‌ಆರ್‌ನವರಿಗೆ ನೀವು ಬೇರೆ ಕೆಲಸ ಹುಡುಕ್ತಿರೋದು ನೇರವಾಗೇ ಕಾಣಬಹುದು. ರಿನ್ಯೂವಲ್ ಮಾತುಕತೆ ನಡೀತಿದ್ರೆ ಆ ಹದಿನೈದು ದಿನ ಆಫ್ ಮಾಡಿಡಿ.

ಏಜೆನ್ಸಿಯವರು ಮೆಸೇಜ್ ಮಾಡಿದಾಗ ಸಿವಿ ಕಳಿಸೋ ಮುಂಚೆ ಕೇಳಲೇಬೇಕಾದ್ದು: ಕ್ಲೈಂಟ್ ಯಾರು, ರೇಟು ಕೈಗೆ ಬರೋದೋ ಒಟ್ಟಾರೆಯೋ, ಅವಧಿ ಎಷ್ಟು, ಇನ್‌ವಾಯ್ಸ್ ಕೊಟ್ಟ ಎಷ್ಟು ದಿನಕ್ಕೆ ದುಡ್ಡು. ಕೊನೆಯದಕ್ಕೆ "ಕ್ಲೈಂಟ್ ಕೊಟ್ಟ ಮೇಲೆ" ಅನ್ನೋ ಉತ್ತರ ಬಂದ್ರೆ ಅದು ಉತ್ತರವೇ ಅಲ್ಲ. 30 ದಿನ, 45 ದಿನ ಅಂತ ಸಂಖ್ಯೆ ಬೇಕು, ಅದು ಕರಾರಲ್ಲೂ ಇರಬೇಕು.

ಕ್ಲೈಂಟ್ ಹೆಸರು ಯಾಕೆ ಬೇಕು ಅಂದ್ರೆ, ಒಂದೇ ಹುದ್ದೆಗೆ ನಾಲ್ಕೈದು ಏಜೆನ್ಸಿ ಓಡಾಡ್ತಿರ್ತಾರೆ. ಇಬ್ಬರು ನಿಮ್ಮ ಸಿವಿಯನ್ನ ಒಂದೇ ಕಡೆ ಕಳಿಸಿದ್ರೆ ಕಮಿಷನ್ ಜಗಳ ಬೇಡ ಅಂತ ಕ್ಲೈಂಟ್ ನಿಮ್ಮನ್ನೇ ಕೈಬಿಡ್ತಾರೆ. ಎರಡನೇ ಏಜೆನ್ಸಿ ಕಡಿಮೆ ರೇಟು ಹಾಕಿದ್ರಂತೂ ಅದು ಇನ್ನೊಂದು ಮುಜುಗರ. ಅದಕ್ಕೇ ಒಪ್ಪಿಗೆ ಬರಹದಲ್ಲೇ ಕೊಡಿ: "ಈ ಕ್ಲೈಂಟ್‌ನ ಈ ಹುದ್ದೆಗೆ ಮಾತ್ರ, ಈ ರೇಟಿಗೆ, ಇವತ್ತಿಂದ 14 ದಿನದ ಮಟ್ಟಿಗೆ ನಿಮ್ಮ ಮೂಲಕ ಸಿವಿ ಕಳಿಸಲು ಒಪ್ಪಿಗೆ ಇದೆ." ಯಾರಿಗೆ, ಯಾವ ದಿನ, ಯಾವ ರೇಟು ಅಂತ ಒಂದು ಶೀಟಲ್ಲಿ ಬರೆದಿಟ್ಕೊಳ್ಳಿ. ಜಾಹೀರಾತಿನ ಪದಗಳು ಇನ್ನೊಂದು ಜಾಹೀರಾತಿಗೆ ಅಕ್ಷರಶಃ ಹೊಂದಿದ್ರೆ ಅದೇ ಹುದ್ದೆ ಅಂತ ಅಂದ್ಕೊಳ್ಳಿ.

ಇನ್ನೂ ಒಂದು. ಕೆಲಸದ ಮಾತಿಗೆ ಮುಂಚೆನೇ "ಕೊನೇ ಪ್ರಾಜೆಕ್ಟಲ್ಲಿ ಯಾರಿಗೆ ರಿಪೋರ್ಟ್ ಮಾಡ್ತಿದ್ರಿ? ಎರಡು ರೆಫರೆನ್ಸ್ ಕೊಡಿ" ಅಂದ್ರೆ ಹುದ್ದೆ ಇಲ್ಲದೇ ಇರೋ ಸಾಧ್ಯತೆನೇ ಜಾಸ್ತಿ. ಬೇಕಾಗಿರೋದು ನಿಮ್ಮ ಮ್ಯಾನೇಜರ್‌ನ ಹೆಸರು, ನಂಬರು. ನಾಳೆ ಅವರಿಗೆ ಫೋನ್ ಮಾಡಿ ಬೇರೆ ಜನರನ್ನ ತುಂಬೋಕೆ ನೋಡ್ತಾರೆ. ರೆಫರೆನ್ಸ್ ಇಂಟರ್ವ್ಯೂ ಆದ ಮೇಲೆ, ಕ್ಲೈಂಟ್ ಕೇಳಿದ್ರೆ ಮಾತ್ರ.

ಪ್ರೀಮಿಯಂ ಬಗ್ಗೆ: ವರ್ಷಪೂರ್ತಿ ಬೇಡ. ಕೆಲಸ ಹುಡುಕೋರ ಪ್ಲಾನ್‌ನಲ್ಲಿ ತಿಂಗಳಿಗೆ 5 ಇನ್‌ಮೇಲ್ ಸಿಗುತ್ತೆ, ಕನೆಕ್ಷನ್ ಇಲ್ಲದೋರಿಗೂ ಬರೀಬಹುದು. 90 ದಿನದೊಳಗೆ ಉತ್ತರ ಬಂದ್ರೆ ಕ್ರೆಡಿಟ್ ವಾಪಸ್. ಅಂದ್ರೆ ಅಳೆದು ತೂಗಿ ಬರೆಯೋರಿಗೆ ಅದೇ ಐದು ತುಂಬಾ ದಿನ ಬಾಳುತ್ತೆ, ಎಲ್ಲರಿಗೂ ಒಂದೇ ಪಠ್ಯ ಎಸೆಯೋರಿಗೆ ಒಂದೇ ದಿನಕ್ಕೆ ಖಾಲಿ. ಕಾಂಟ್ರ್ಯಾಕ್ಟ್ ಮುಗಿಯೋ ಮುಂಚಿನ ಒಂದೆರಡು ತಿಂಗಳು ಹಾಕಿಸಿ, ಹಾಕಿಸಿದ ದಿನವೇ ರದ್ದು ಮಾಡೋ ತಾರೀಖನ್ನ ಕ್ಯಾಲೆಂಡರ್‌ಗೆ ಹಾಕಿ.

---

ಸೈಲೆಂಟ್_ಮೋಡ್

ಎಡವಟ್ಟಾಗುವ ಕಡೆಗಳನ್ನಷ್ಟೇ ಹೇಳುತ್ತೇನೆ.

ಕನೆಕ್ಷನ್ ಪಟ್ಟಿ ಯಾರಿಗೆ ಕಾಣುತ್ತೆ ಅನ್ನೋ ಸೆಟ್ಟಿಂಗ್ ಆಫ್ ಮಾಡಿ. ಅದು ತೆರೆದಿದ್ದರೆ ನಿಮ್ಮ ಕನೆಕ್ಷನ್ ಆದ ಪ್ರತಿಯೊಬ್ಬರೂ ನಿಮ್ಮ ಕ್ಲೈಂಟ್‌ಗಳು ಯಾರ್ಯಾರು ಅಂತ ಆರಾಮಾಗಿ ಕೂತು ಓದಬಹುದು. ಸಂಬಳದವರಿಗೆ ಇದು ದೊಡ್ಡ ವಿಷಯ ಅಲ್ಲ, ಕಾಂಟ್ರ್ಯಾಕ್ಟ್‌ನವರಿಗೆ ಇದೇ ಬಂಡವಾಳ. ಪ್ರೊಫೈಲ್ ತಿದ್ದುವ ಮುಂಚೆ, ಬದಲಾವಣೆಗಳನ್ನು ಎಲ್ಲರಿಗೂ ತಿಳಿಸುವ ಸೆಟ್ಟಿಂಗನ್ನೂ ಆಫ್ ಮಾಡಿ.

ಫೋನಿನ ಕಾಂಟ್ಯಾಕ್ಟ್, ಇಮೇಲ್ ವಿಳಾಸಗಳನ್ನು ತಾಣಕ್ಕೆ ಸಿಂಕ್ ಮಾಡಬೇಡಿ. ಹಿಂದೆ ಬಳಕೆದಾರರ ಇಮೇಲ್ ಪಟ್ಟಿಯಲ್ಲಿದ್ದವರಿಗೆ ಅವರ ಹೆಸರಿನಲ್ಲೇ ಮತ್ತೆ ಮತ್ತೆ ಆಹ್ವಾನ ಕಳಿಸಿದ ವಿಚಾರಕ್ಕೆ ಅಮೆರಿಕದಲ್ಲಿ ಮೊಕದ್ದಮೆ ನಡೆದು, 2015ರಲ್ಲಿ ಲಿಂಕ್ಡ್‌ಇನ್ 1.3 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತ್ತು. ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದು ಇರಲಿ, ಎರಡು ಹಂತದ ದೃಢೀಕರಣ ಆನ್ ಇರಲಿ. 2012ರ ಸೋರಿಕೆಯಲ್ಲಿ ಹೊರಬಿದ್ದ ಪಾಸ್‌ವರ್ಡ್‌ಗಳು ಸಾಲ್ಟ್ ಇಲ್ಲದ ಎಸ್‌ಎಚ್‌ಎ-1 ಹ್ಯಾಶ್‌ನಲ್ಲಿದ್ದವು, ಅಂದರೆ ಸುಲಭವಾಗಿ ಒಡೆಯುವಂಥವು. ಆಗ 65 ಲಕ್ಷ ಅಂದುಕೊಂಡಿದ್ದರು. 2016ರಲ್ಲಿ ಮಾರಾಟಕ್ಕೆ ಬಂದಾಗ 11.7 ಕೋಟಿ ಇತ್ತು.

ಆಟೊಮ್ಯಾಟಿಕ್ ಆಗಿ ಆಹ್ವಾನ ಕಳಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಯಾರೇ ಹೇಳಿದರೂ ಹಾಕಬೇಡಿ. ಅದು ತಾಣದ ನಿಯಮಕ್ಕೇ ವಿರುದ್ಧ, ಖಾತೆ ನಿರ್ಬಂಧಿಸುತ್ತಾರೆ. ಕೈಯಾರೆ ಕಳಿಸಿದರೂ ಉತ್ತರ ಬಾರದ ಆಹ್ವಾನ ರಾಶಿ ಬಿದ್ದರೆ ಅಡ್ಡಿಯಾಗುತ್ತೆ. ಹಳೆಯವನ್ನು ಹಿಂಪಡೆಯಿರಿ, ಹಿಂಪಡೆದ ಮೇಲೆ ಅದೇ ವ್ಯಕ್ತಿಗೆ ಮೂರು ವಾರದವರೆಗೆ ಮತ್ತೆ ಕಳಿಸಲು ಬರುವುದಿಲ್ಲ. ಖಾತೆ ಯಾವತ್ತಾದರೂ ಕೈತಪ್ಪಬಹುದು ಅಂತಲೇ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ನಿಮ್ಮ ಡೇಟಾದ ಪ್ರತಿ ಡೌನ್‌ಲೋಡ್ ಮಾಡಿ. ಕನೆಕ್ಷನ್‌ಗಳ ಫೈಲಿನಲ್ಲಿ ಹೆಸರು, ಕಂಪನಿ, ಹುದ್ದೆ, ಕನೆಕ್ಷನ್ ಆದ ತಾರೀಖು ಇರುತ್ತೆ. ಇಮೇಲ್ ಬಹುಪಾಲು ಖಾಲಿ, ಯಾಕೆಂದರೆ ಅದಕ್ಕೆ ಆಯಾ ವ್ಯಕ್ತಿ ಅನುಮತಿ ಕೊಟ್ಟಿರಬೇಕು. ಮುಖ್ಯವಾದ ಮೂವತ್ತು ನಲವತ್ತು ಜನರ ಖಾಸಗಿ ಇಮೇಲ್ ಕೇಳಿ ಬೇರೆ ಇಟ್ಟುಕೊಳ್ಳಿ.

ನಕಲಿ ರಿಕ್ರೂಟರ್‌ಗಳ ವಿಷಯದಲ್ಲಿ ಸಾಫ್ಟ್‌ವೇರ್ ಕೆಲಸದವರಿಗೆ ಒಂದು ನಿರ್ದಿಷ್ಟ ಬಲೆ ಇದೆ. ಒಳ್ಳೇ ರೇಟು ಹೇಳಿ, "ಸಣ್ಣ ಪರೀಕ್ಷೆ" ಅಂತ ಒಂದು ಕೋಡ್ ರೆಪಾಸಿಟರಿ ಕಳಿಸುತ್ತಾರೆ. ಡಿಪೆಂಡೆನ್ಸಿ (ಆ ಕೋಡ್‌ಗೆ ಬೇಕಾದ ಇತರ ಪ್ಯಾಕೇಜು) ಇನ್‌ಸ್ಟಾಲ್ ಮಾಡುವ ಕಮಾಂಡ್ ಕೊಟ್ಟ ಕ್ಷಣದಲ್ಲೇ ಅದರೊಳಗಿನ ಸ್ಕ್ರಿಪ್ಟ್ ಓಡಿ ಬ್ರೌಸರ್‌ನ ಪಾಸ್‌ವರ್ಡ್, ಕೀಗಳು ಎಲ್ಲ ಹೋಗುತ್ತೆ. ಕಾಂಟ್ರ್ಯಾಕ್ಟ್‌ನವರ ಲ್ಯಾಪ್‌ಟಾಪಲ್ಲಿ ಕ್ಲೈಂಟ್‌ನ ವಿಪಿಎನ್ ಕೂಡ ಇರುತ್ತಲ್ಲ, ನಷ್ಟ ನಿಮ್ಮೊಬ್ಬರದ್ದಲ್ಲ. ಪರಿಚಯ ಇಲ್ಲದವರ ಕೋಡ್ ಬಿಸಾಡಬಹುದಾದ ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನೊಳಗಿನ ಪ್ರತ್ಯೇಕ ಕಂಪ್ಯೂಟರ್) ಮಾತ್ರ. ಕರೆ ಮಾಡಿದವರು ನಿಜವೋ ಅಂತ ನೋಡಲು ಕಂಪನಿಯ ಡೊಮೇನ್‌ನಿಂದ ಇಮೇಲ್ ಕಳಿಸಲು ಹೇಳಿ. ನಿಜವಾದವರು ಎರಡು ನಿಮಿಷದಲ್ಲಿ ಕಳಿಸುತ್ತಾರೆ, ಸುಳ್ಳಿನವರು ಟೆಲಿಗ್ರಾಮ್‌ಗೆ ಬನ್ನಿ ಅನ್ನುತ್ತಾರೆ.

---

ಕರಡುತಿದ್ದು

ನನ್ನದು ಸ್ವಲ್ಪ ಭಿನ್ನ ರಾಗ. ಎಲ್ಲ ಬಗೆಯ ಫ್ರೀಲಾನ್ಸ್‌ಗೂ ಮೇಲಿನ ಮಾತು ಹೊಂದಲ್ಲ.

ಕೆಲಸ ಎಷ್ಟು ದೊಡ್ಡದು ಅನ್ನೋದರ ಮೇಲೆ ತಾಣ ಆರಿಸಬೇಕು. ಲೋಗೊ, ಅನುವಾದ, ಎರಡು ದಿನದ ಸ್ಕ್ರಿಪ್ಟ್, ಇಂಥದ್ದಕ್ಕೆ ಯಾರೂ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೂರು ಇಂಟರ್ವ್ಯೂ ಮಾಡಲ್ಲ. ಅವಕ್ಕೆ ಫೈವರ್, ಅಪ್‌ವರ್ಕ್. ದುಡ್ಡು ಮೊದಲೇ ತಾಣದ ಕೈಯಲ್ಲಿರುತ್ತೆ, ಅದು ಭದ್ರತೆ. ಬೆಲೆ: ಫೈವರ್ ಮಾರುವವರ ಪಾಲಿನಿಂದ 20% ಇಟ್ಟುಕೊಳ್ಳುತ್ತೆ. ಅಪ್‌ವರ್ಕ್‌ನಲ್ಲಿ ಸಿಕ್ಕ ಕ್ಲೈಂಟನ್ನು 2 ವರ್ಷ ಹೊರಗೆ ಕರೆದೊಯ್ಯುವಂತಿಲ್ಲ, ಬೇಕಿದ್ದರೆ ಪ್ರತ್ಯೇಕ ಶುಲ್ಕ ಕಟ್ಟಬೇಕು. ಆರು ತಿಂಗಳ ಕಾಂಟ್ರ್ಯಾಕ್ಟ್‌ಗೆ ಈ ಲೆಕ್ಕ ಭಾರವಾಗುತ್ತೆ, ಹಾಗಾಗಿ ವಲಸೆಹಕ್ಕಿಯವರಿಗೆ ಲಿಂಕ್ಡ್‌ಇನ್ ದಾರಿಯೇ ಸರಿ. ವಿನ್ಯಾಸದವರಿಗೆ ಬಿಹ್ಯಾನ್ಸ್, ಕೋಡ್‌ನವರಿಗೆ ಗಿಟ್‌ಹಬ್. ಅಲ್ಲಿ ಮಾತಿಗಿಂತ ಕೆಲಸವೇ ಕಾಣುತ್ತೆ. ಕ್ಲೈಂಟ್‌ಗಳು ಜರ್ಮನ್ ಮಾತಾಡುವ ದೇಶದವರಾದರೆ ಸಿಂಗ್ (Xing) ಅನ್ನೋ ತಾಣವೂ ಇದೆ, ಲಿಂಕ್ಡ್‌ಇನ್ ಶುರುವಾದ 2003ರಲ್ಲೇ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ್ದು.

ಪೋಸ್ಟ್ ಹಾಕೋದರ ಬಗ್ಗೆ ಕೇಳಿದ್ದಿರಿ. ದಿನಾ ಬೆಳಿಗ್ಗೆ ಸ್ಫೂರ್ತಿ ಹಂಚುವವರ ಸಾಲಿಗೆ ಸೇರಬೇಡಿ. ಅದನ್ನು ಮೆಚ್ಚುವವರು ಅದನ್ನೇ ಬರೆಯುವ ಇತರರು, ಕೆಲಸ ಕೊಡುವವರಲ್ಲ. ತಿಂಗಳಿಗೊಂದು ಸಾಕು, ಒಂದು ತೊಡಕು ಮತ್ತು ಅದನ್ನು ಬಿಡಿಸಿದ ಬಗೆ. ಉದಾಹರಣೆಗೆ ಒರಾಕಲ್ ಖಾಲಿ ಸ್ಟ್ರಿಂಗನ್ನು (ಅಕ್ಷರವಿಲ್ಲದ ಪಠ್ಯ) ನಲ್, ಅಂದರೆ ಬೆಲೆಯೇ ಇಲ್ಲ, ಅಂತಲೇ ತಿಳಿಯುತ್ತೆ, ಪೋಸ್ಟ್‌ಗ್ರೆಸ್ ಎರಡನ್ನೂ ಬೇರೆಯಾಗಿ ನೋಡುತ್ತೆ. ಮೈಗ್ರೇಷನ್ ಆದ ಮೇಲೆ ರಿಪೋರ್ಟುಗಳ ಎಣಿಕೆ ತಪ್ಪೋದಕ್ಕೆ ಇದು ಸಾಮಾನ್ಯ ಕಾರಣ. ಇಷ್ಟನ್ನೇ ಹತ್ತು ಸಾಲಲ್ಲಿ, ಎರಡು ಕ್ವೆರಿ ಜೊತೆ ಬರೆದರೆ ಲೈಕ್ ಇಪ್ಪತ್ತೇ ಬೀಳಬಹುದು. ಆದರೆ ಆ ಇಪ್ಪತ್ತರಲ್ಲಿ ನಾಲ್ಕು ಜನ ಅದೇ ತೊಂದರೆಯಲ್ಲಿ ಸಿಕ್ಕಿಕೊಂಡವರಿರುತ್ತಾರೆ.

600 ಕನೆಕ್ಷನ್ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆಪ್ತರಿಗಿಂತ ದೂರದ ಪರಿಚಯದವರಿಂದಲೇ ಹೊಸ ಕೆಲಸದ ಸುದ್ದಿ ಬರುತ್ತೆ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲಿನ ಪ್ರಯೋಗಗಳ ವರದಿ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ನೆರವಾಗೋದು ಸಾಧಾರಣ ದೂರದ ಪರಿಚಯ. ತೀರಾ ಆಪ್ತರೂ ಅಲ್ಲ, ಗುರುತೇ ಇಲ್ಲದವರೂ ಅಲ್ಲ. ಅದು ನೌಕರಿ ಬದಲಿಸುವವರ ಕುರಿತ ಅಧ್ಯಯನ, ಕಾಂಟ್ರ್ಯಾಕ್ಟ್‌ಗೆ ನೇರವಾಗಿ ಹಚ್ಚಬಾರದು ಅನ್ನಿ. ಆದರೂ ಗಂಟೆಲೆಕ್ಕದವರು ಹೇಳಿದ ಆ ನಾಲ್ಕೈದು ಮೆಸೇಜುಗಳಲ್ಲಿ ಒಂದೆರಡನ್ನು ಪಕ್ಕದ ಟೀಮಿನಲ್ಲಿದ್ದವರಿಗೆ, ಮೀಟಿಂಗಲ್ಲಿ ಮಾತ್ರ ಕಂಡವರಿಗೆ ಕಳಿಸಿ.

---

ವಲಸೆಹಕ್ಕಿ_ಡಿಬಿ

ಎಲ್ಲರಿಗೂ ಧನ್ಯವಾದ. ಓಪನ್ ಟು ವರ್ಕ್ ಒಳಗೆ ಫುಲ್‌ಟೈಮ್ ಟಿಕ್ ಆಗೇ ಇತ್ತು, ತೆಗೆದೆ.

ಇನ್ನೊಂದು ಪ್ರಶ್ನೆ. ಏಜೆನ್ಸಿ ಕರಾರಲ್ಲಿ "ಕಾಂಟ್ರ್ಯಾಕ್ಟ್ ಮುಗಿದ 12 ತಿಂಗಳು ಕ್ಲೈಂಟ್‌ನಿಂದ ನೇರವಾಗಿ ಕೆಲಸ ಕೋರುವಂತಿಲ್ಲ" ಅಂತಿದೆ. ಹಾಗಿದ್ರೆ ಕ್ಲೈಂಟ್ ಕಡೆಯ ಮ್ಯಾನೇಜರ್‌ಗೆ ಕನೆಕ್ಷನ್ ಕಳಿಸೋದೇ ತಪ್ಪಾಗುತ್ತಾ?

---

ಎರಡನೇ_ಇನ್‌ವಾಯ್ಸ್

ಬರೀ ಕನೆಕ್ಷನ್ ಕಳಿಸೋದನ್ನ ಸಾಮಾನ್ಯವಾಗಿ ಕೆಲಸ ಕೋರಿದಂತೆ ಅಂತ ಯಾರೂ ಹಿಡಿಯಲ್ಲ. ಆದ್ರೆ ಕೊನೇ ಮಾತು ಕರಾರಿನ ಪದಗಳದ್ದು. "ಕೋರುವಂತಿಲ್ಲ" ಅನ್ನೋದಕ್ಕೂ "ಯಾವುದೇ ರೀತಿ ಕೆಲಸ ಮಾಡುವಂತಿಲ್ಲ" ಅನ್ನೋದಕ್ಕೂ ವ್ಯತ್ಯಾಸ ಇದೆ. ಎರಡನೇದಾದ್ರೆ ಅವರಾಗಿ ಕರೆದ್ರೂ ಹೋಗೋಕಾಗಲ್ಲ. "ಕ್ಲೈಂಟ್" ಅಂದ್ರೆ ಆ ಒಂದು ವಿಭಾಗನಾ, ಇಡೀ ಸಮೂಹದ ಕಂಪನಿಗಳಾ ಅಂತಲೂ ನೋಡಿ. ಮೊತ್ತ ದೊಡ್ಡದಿದ್ರೆ ವಕೀಲರಿಗೆ ತೋರಿಸಿ, ಯಾಕಂದ್ರೆ ಇಂಥ ಷರತ್ತು ಎಷ್ಟು ನಿಲ್ಲುತ್ತೆ ಅನ್ನೋದು ದೇಶದಿಂದ ದೇಶಕ್ಕೆ ಬದಲಾಗುತ್ತೆ.

ಕನೆಕ್ಷನ್ ಮಾಡ್ಕೊಳ್ಳೋದು ಕೆಲಸ ನಡೀತಿರುವಾಗಲೇ, ಎರಡನೇ ತಿಂಗಳಲ್ಲಿ, ಇಡೀ ಟೀಮಿಗೆ ಒಟ್ಟಿಗೆ ಕಳಿಸಿ. ಕೊನೇ ದಿನ ಮ್ಯಾನೇಜರ್ ಒಬ್ಬರಿಗೇ ಕಳಿಸಿದ್ರೆ ಏಜೆನ್ಸಿಗೆ ಬೇರೆ ಥರ ಕಾಣುತ್ತೆ. ಆ 12 ತಿಂಗಳು ಅವರಿಗೆ "ಏಪ್ರಿಲ್‌ನಿಂದ ಸಿಗ್ತೀನಿ" ಅನ್ನೋ ಮೆಸೇಜ್ ಬೇಡ, ಅದು ಬರಹದಲ್ಲಿ ಉಳಿಯುತ್ತೆ. ಅವರೇ ಕೇಳಿದ್ರೆ "ಏಜೆನ್ಸಿ ಮೂಲಕ ಬನ್ನಿ" ಅಂತ ಒಂದು ಸಾಲು ಬರೆದು, ಏಜೆನ್ಸಿಗೂ ಅದೇ ದಿನ ತಿಳಿಸಿ. 12 ತಿಂಗಳು ಶುರುವಾಗೋದು ಮೊದಲ ಕಾಂಟ್ರ್ಯಾಕ್ಟ್ ಮುಗಿದ ದಿನದಿಂದನಾ, ಕೊನೇ ರಿನ್ಯೂವಲ್ ಮುಗಿದ ದಿನದಿಂದನಾ ಅನ್ನೋದನ್ನ ಮಾತ್ರ ಈಗಲೇ ಇಮೇಲಲ್ಲಿ ಕೇಳಿಟ್ಕೊಳ್ಳಿ.